ಹಿಮ್ಮಡಿಯ ದಪ್ಪ ಚರ್ಮ

ಆನೆಯ ಚರ್ಮವು ಕೆಲವೆಡೆ 2.5 ಸೆಂ.ಮೀ.ವರೆಗೂ ದಪ್ಪವಿರುತ್ತದೆ. ಆದರೂ ಮೇಲೊಂದು ನೊಣ ಕುಳಿತರೆ ಅದಕ್ಕೆ ತಿಳಿಯುತ್ತದೆ. ದಪ್ಪ ಚರ್ಮವೆಂದರೆ ಜಡ ಚರ್ಮವಲ್ಲ. ಆ ಚರ್ಮದಲ್ಲಿ ಜಿಡ್ಡಿನ ಗ್ರಂಥಿಗಳಿಲ್ಲ. ಕೆಸರು ಬಳಿದುಕೊಂಡು ಆನೆ ತೇವವನ್ನು ಕಾಯ್ದುಕೊಳ್ಳುತ್ತದೆ.

ನಮ್ಮ ಅಂಗಾಲಿನಲ್ಲಿಯೂ ಆ ಗ್ರಂಥಿಗಳಿಲ್ಲ. ಆದುದರಿಂದಲೇ ಚಳಿಗಾಲದ ಒಣಹವೆಗೆ ಹಿಮ್ಮಡಿ ಒಡೆಯುತ್ತದೆ. ಚರಕಸಂಹಿತೆಯು ಕೈಕಾಲು ಬಿರಿದು ನೋಯುವ ವ್ಯಾಧಿಯನ್ನು ವಿಪಾದಿಕಾ ಎಂದಿದೆ. ರಾತ್ರಿ ಉಗುರುಬೆಚ್ಚಗಿನ ನೀರಿನಲ್ಲಿ ಪಾದ ತೊಳೆದು, ಒರಸಿ, ಎಳ್ಳೆಣ್ಣೆಯನ್ನೋ ಕರಗಿಸಿದ ಮುರುಗಲ ತುಪ್ಪವನ್ನೋ ಸವರಬೇಕು. ಬ್ಲೇಡಿನಿಂದ ಹೆರೆಯುವ ಅಭ್ಯಾಸವನ್ನು ನಾವು ಒಪ್ಪುವುದಿಲ್ಲ.

ಮಧುಮೇಹಿಗಳಲ್ಲಿ ನೋವಿಲ್ಲದ ಬಿರುಕನ್ನು ಕಂಡರೆ ನಮಗೆ ಹೆಚ್ಚು ಆತಂಕ. ಅಲ್ಲಿ ಸ್ಪರ್ಶಜ್ಞಾನವೇ ಕುಂದಿರಬಹುದು, ಹುಣ್ಣಾದರೂ ಅರಿವಾಗದು. ಅಂಥವರು ಬಿಸಿಲಿಗೆ ಕಾದ ಕಲ್ಲುಹಾಸಿನ ಮೇಲೆ ಬರಿಗಾಲಿನಲ್ಲಿ ನಡೆಯಬಾರದು. ಅವರ ಅಂಗಾಲನ್ನು ಮನೆಯವರು ನಿತ್ಯವೂ ನೋಡಲಿ. ಬಿರುಕು ಕಂಡ ದಿನವೇ ವೈದ್ಯರಿಗೆ ತೋರಿಸಲಿ.