ನಮ್ಮ ಬಿಡಾರದ ಕೆಳಗಿನ ಗದ್ದೆಗಳು

ನೇರೂಳಿನಲ್ಲಿ ನಾನು ಹೋಟೇಲು ನಡೆಸುತ್ತಿದ್ದ ದಿನಗಳಲ್ಲಿ ಆಗ್ರಿ ಸಮಾಜದ ವೃದ್ಧರೊಬ್ಬರು ಪ್ರತಿದಿನವೂ ಬೆಳಿಗ್ಗೆ ಚಹಾಕ್ಕೆ ಬರುತ್ತಿದ್ದರು. ಗಲ್ಲಾದ ಎದುರಿನ ಮೇಜೇ ಅವರಿಗೆ ಬೇಕು. ಒಂದು ದಿನ ಕಾರಣ ಕೇಳಿದೆ. ಅವರು ನೆಲದತ್ತ ಬೆರಳು ತೋರಿ, “ಅಣ್ಣಾ, ನಮ್ಮ ಗದ್ದೆ ಇದ್ದದ್ದು ಇಲ್ಲಿಯೇ” ಎಂದರು. ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಆದರೂ ಅಂದು ಅವರಿಂದ ಚಹಾದ ಹಣ ಪಡೆಯಲು ನನ್ನ ಕೈ ಹಿಂಜರಿಯಿತು.

ವಾಶಿ, ಬೇಲಾಪುರ, ಪನವೇಲುಗಳಲ್ಲಿ ದುಡಿಯುವ ನಮ್ಮ ಬಂಧುಗಳಲ್ಲಿ ಎಷ್ಟು ಮಂದಿಗೆ ಈ ನೆಲದ ಪೂರ್ವಕಥೆ ತಿಳಿದಿದೆ? ಮುಂಬಯಿಯ ಜನಸಂದಣಿಯನ್ನು ತಗ್ಗಿಸಲು ಕೊಲ್ಲಿಯ ಆಚೆ ಅವಳಿ ನಗರವೊಂದು ಬೇಕೆಂದು ಚಾರ್ಲ್ಸ್ ಕೊರಿಯಾ, ಪ್ರವೀಣಾ ಮೆಹ್ತಾ, ಶಿರೀಷ್ ಪಟೇಲ್ ಅವರು 1965ರಲ್ಲಿ ‘ಮಾರ್ಗ್’ ಪತ್ರಿಕೆಯಲ್ಲಿ ಸೂಚಿಸಿದರು. 1970ರ ಮಾರ್ಚ್ 17ರಂದು ಸಿಡ್ಕೋ ಸಂಸ್ಥೆಯು ಜನ್ಮ ತಾಳಿತು. ಸುಮಾರು 344 ಚದರ ಕಿಲೋಮೀಟರ್ ವಿಸ್ತಾರದ, 95 ಹಳ್ಳಿಗಳುಳ್ಳ ಪ್ರದೇಶವು ನೂತನ ನಗರಕ್ಕೆ ಮೀಸಲಾಯಿತು. ಬ್ರಿಟಿಷರ ಕಾಲದ 1894ರ ಕಾಯಿದೆಯೇ ಭೂಸ್ವಾಧೀನಕ್ಕೆ ಆಧಾರವಾಯಿತು.

ಭತ್ತದ ಗದ್ದೆ, ಉಪ್ಪಿನ ಪಾತಿ, ಮೀನುಗಾರಿಕೆ, ಇವೇ ಆಗ್ರಿ ಹಾಗೂ ಕೋಳಿ ಜನರ ಜೀವನಾಧಾರ. ಪರಿಹಾರದ ಹಣ ಕೈಸೇರಿದರೂ ಅದು ಎಷ್ಟು ದಿನ ಉಳಿದೀತು? ಗದ್ದೆಯಾದರೋ ವರ್ಷವರ್ಷವೂ ಅನ್ನ ಕೊಡುವಂಥದು. ಗೇಣಿಗೆ ದುಡಿದವನ, ಉಪ್ಪು ಹೊತ್ತವನ ಹೆಸರಂತೂ ಯಾವ ದಾಖಲೆಯಲ್ಲಿದ್ದೀತು? ಹಳ್ಳಿಗರು ವಿರೋಧಿಸಿದ್ದು ನಗರವನ್ನಲ್ಲ. ತಮ್ಮ ನೆಲದ ಮೇಲೆ ಏಳುವ ನಗರದಲ್ಲಿ ತಮಗೇ ಪಾಲಿಲ್ಲವೆಂಬ ಅನ್ಯಾಯವನ್ನು.

ಈ ಕೂಗಿಗೆ ದನಿಯಾದವರು ಉರಣ ತಾಲೂಕಿನ ಜಾಸಯಿ ಗ್ರಾಮದ ದಿ. ಬಾ. ಪಾಟೀಲರು. 1984ರ ಜನವರಿ 16 ಮತ್ತು 17ರಂದು ಉರಣ ಭಾಗದಲ್ಲಿ ನಡೆದ ಆಂದೋಲನದ ಮೇಲೆ ಪೋಲೀಸರು ಗುಂಡು ಹಾರಿಸಿದರು. ಐವರು ಪ್ರಾಣ ತೆತ್ತರು. ಆ ಬಲಿದಾನವು ವ್ಯರ್ಥವಾಗಲಿಲ್ಲ. ಸ್ವಾಧೀನವಾದ ಭೂಮಿಯ ಶೇಕಡಾ 12.5ರಷ್ಟನ್ನು ಅಭಿವೃದ್ಧಿಪಡಿಸಿದ ನಿವೇಶನದ ರೂಪದಲ್ಲಿ ಮೂಲ ಭೂಮಾಲಿಕರಿಗೆ ಹಿಂದಿರುಗಿಸುವ ಯೋಜನೆಯು 1990ರ ದಶಕದಲ್ಲಿ ರೂಪುಗೊಂಡಿತು. ಮುಂದೆ ವಿಮಾನ ನಿಲ್ದಾಣಕ್ಕಾಗಿ ಭೂಮಿ ಬಿಟ್ಟವರಿಗೆ ಈ ಪಾಲು ಶೇಕಡಾ 22.5ಕ್ಕೆ ಏರಿತು. ಪಾಟೀಲರು 2013ರಲ್ಲಿ ಗತಿಸಿದರು. ಆ ವಿಮಾನ ನಿಲ್ದಾಣಕ್ಕೆ ಅವರ ಹೆಸರನ್ನೇ ಇಡಬೇಕೆಂದು 2021ರ ಜೂನ್ 24ರಂದು ಸಹಸ್ರಾರು ಜನರು ಬೇಲಾಪುರದಲ್ಲಿ ನೆರೆದರು; ಮರುವರ್ಷ ರಾಜ್ಯದ ವಿಧಾನಸಭೆಯೂ ಹಾಗೆಯೇ ನಿರ್ಣಯಿಸಿತು. 2025ರ ಅಕ್ಟೋಬರ್ 8ರಂದು ನಿಲ್ದಾಣದ ಉದ್ಘಾಟನೆ ನೆರವೇರಿತು.

“ನಗರವಾಗದಿದ್ದರೆ ನಮಗೆ ಹೋಟೇಲು ಎಲ್ಲಿ, ಗುಮಾಸ್ತಿಕೆ ಎಲ್ಲಿ?” ಎಂದು ಯಾರಾದರೂ ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಈ ನಗರದ ಅನ್ನವನ್ನು ನಾನೂ ಉಂಡಿದ್ದೇನೆ. ಆದರೆ ಉಂಡ ಎಲೆಯನ್ನು ಹಾಸಿದವರು ಯಾರೆಂದು ಮರೆಯುವುದು ಸಲ್ಲದು. ಹಳೆಯ ಊರಿನವರನ್ನು ‘ಗಾವ್‌ವಾಲೆ’ ಎಂದು ಹಗುರವಾಗಿ ಕರೆಯುವ ಬಾಯಿ ನಮ್ಮದಾಗದಿರಲಿ.

ಇನ್ನೊಂದು ಮಾತು. ಊರಿನಲ್ಲಿ ನಮಗೂ ಎರಡು ಗದ್ದೆ, ಒಂದು ತೋಟ ಉಂಟಷ್ಟೆ? ನಾಳೆ ಅಲ್ಲಿಯೂ ಬಡಾವಣೆಯೋ ಕಾರ್ಖಾನೆಯೋ ಬರಬಹುದು. ದೇವನಹಳ್ಳಿ ತಾಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ ರೈತರು ಮೂರು ವರ್ಷಗಳಿಗೂ ಹೆಚ್ಚು ಕಾಲ ಪಟ್ಟು ಬಿಡದೆ ಕುಳಿತರು. 1,777 ಎಕರೆಯ ಸ್ವಾಧೀನವನ್ನು ಕೈಬಿಡುವುದಾಗಿ ಕರ್ನಾಟಕ ಸರಕಾರವು 2025ರ ಜುಲೈ 15ರಂದು ಸಾರಬೇಕಾಯಿತು. ಅವರು ಊರಿನಲ್ಲಿದ್ದರು, ಒಗ್ಗಟ್ಟಾಗಿದ್ದರು. ನಾವಾದರೋ ದೂರದಲ್ಲಿದ್ದೇವೆ. ಕೇಂದ್ರದ 2013ರ ಭೂಸ್ವಾಧೀನ ಕಾಯಿದೆಯ ಪ್ರಕಾರ ಪ್ರಾಥಮಿಕ ಅಧಿಸೂಚನೆಯಾದ 60 ದಿನಗಳೊಳಗೆ ಆಕ್ಷೇಪ ಸಲ್ಲಿಸಬೇಕು. ನೋಟೀಸು ಊರಿನ ಹಳೆಯ ಮನೆಯ ಕದಕ್ಕೆ ಅಂಟಿರುತ್ತದೆ. ವಾರಸುದಾರನು ಡೊಂಬಿವಲಿಯಲ್ಲಿ ತಟ್ಟೆ ಎತ್ತುತ್ತಿರುತ್ತಾನೆ.

ಆದುದರಿಂದ ಈ ಸಲ ರಜೆಯಲ್ಲಿ ಊರಿಗೆ ಹೋದವರು ಪಹಣಿಯಲ್ಲಿ ತಮ್ಮ ಹೆಸರಿದೆಯೇ ಎಂದು ನೋಡಿ ಬರಲಿ. ಗತಿಸಿದ ತಂದೆಯ ಹೆಸರೇ ಇನ್ನೂ ಉಳಿದಿದ್ದರೆ ಖಾತೆ ಬದಲಾವಣೆಗೆ ಅರ್ಜಿ ಕೊಡಲಿ. ಓದದೆ ಯಾವ ಕಾಗದಕ್ಕೂ ಸಹಿ ಹಾಕದಿರಲಿ.

ಆ ವೃದ್ಧರು ಈಗಿಲ್ಲ. ಹೋಟೇಲೂ ಬೇರೆಯವರ ಕೈ ಸೇರಿದೆ. ಆದರೂ ಅತ್ತ ಹೋದಾಗಲೆಲ್ಲ ಗಲ್ಲಾದ ಎದುರಿನ ಮೇಜಿನ ಬಳಿ ನನ್ನ ಕಾಲು ತಾನಾಗಿಯೇ ನಿಧಾನವಾಗುತ್ತದೆ.