ಹಳೆ ಕೋವಿಗೆ ಹೊಸ ತೋಟಾ



ನನ್ನ ಸೋದರಮಾವನ ಎಡಗೈಯಲ್ಲಿ ಎರಡು ಬೆರಳುಗಳಿರಲಿಲ್ಲ. ಚಿಕ್ಕಂದಿನಲ್ಲಿ ನಾನು ಕಾರಣ ಕೇಳಿದರೆ, "ಕೋವಿ ಕೈಕೊಟ್ಟಿತು" ಎಂದು ನಗುತ್ತಿದ್ದರು. ಊರವರೂ ಹಾಗೆಯೇ ನಂಬಿದ್ದರು. ತಪ್ಪು ಕೋವಿಯದಲ್ಲ ಎಂದು ನನಗೆ ತಿಳಿದದ್ದು, ನಾನು ಬ್ಯಾಂಕಿನ ಕೆಲಸದಿಂದ ನಿವೃತ್ತನಾಗಿ, ತಂದೆಯವರ ಕೋವಿಯ ಲೈಸೆನ್ಸು ನನ್ನ ಹೆಸರಿಗೆ ಬಂದ ಮೇಲೆ.

ನಮ್ಮ ಕಾಸರಗೋಡಿನ ಗುಡ್ಡದ ಬದಿಯ ಮನೆಗಳಲ್ಲಿ ಅಜ್ಜಂದಿರ ಕಾಲದ ಇಂಗ್ಲಿಷ್ ಜೋಡುನಳಿಗೆಯ ಕೋವಿಗಳು ಇನ್ನೂ ಇವೆ. ಬೆಳೆ ಹಾಳುಮಾಡುವ ಹಂದಿಗಳನ್ನು ಕೊಲ್ಲಿಸಲು ಅನುಮತಿ ಕೊಡುವ ಅಧಿಕಾರವನ್ನು ಕೇರಳ ಸರಕಾರ 2022ರಲ್ಲಿ ಪಂಚಾಯತು ಅಧ್ಯಕ್ಷರಿಗೆ ಕೊಟ್ಟಿತು. ಆಮೇಲೆ ಅಟ್ಟದ ಕೋವಿಯನ್ನು ಇಳಿಸಿ ಎಣ್ಣೆ ಹಾಕಿದವರನ್ನು ನಾನೂ ಕಂಡಿದ್ದೇನೆ. ಆದ್ದರಿಂದ ಈ ಮಾತು.

ತಂದೆಯವರ ಕೋವಿ 12 ಬೋರಿನದು. ಒಂದು ಪೌಂಡು ಸೀಸದಿಂದ ಒಂದೇ ಗಾತ್ರದ 12 ಗುಂಡು ಮಾಡಿದರೆ ಒಂದೊಂದು ಗುಂಡು ಎಷ್ಟು ದಪ್ಪವೋ, ನಳಿಗೆಯ ಒಳಗೂ ಅಷ್ಟೇ ಅಗಲ. ನಾನು 12 ಬೋರಿನ ತೋಟಾ ತಂದೆ. ಮಲಯಾಳದಲ್ಲಿ ಇದನ್ನೇ 'ತಿರ' ಎನ್ನುವುದು. ಹಾಕಿದೆ, ಸಲೀಸಾಗಿ ಹೋಯಿತು, ಕೋವಿ ಮುಚ್ಚಿತು. ಹಾರಿಸುವ ಮೊದಲು ಕೋವಿಯನ್ನು ಒಮ್ಮೆ ಲೈಸೆನ್ಸಿರುವ ರಿಪೇರಿಯವರಿಗೆ ತೋರಿಸಿದೆ. ಅವರು ನಳಿಗೆ ಬಿಚ್ಚಿ, ತಳದಲ್ಲಿ ಕೊರೆದ ಸಣ್ಣ ಅಂಕಿ ತೋರಿಸಿದರು. ಎರಡೂವರೆ. "ಸ್ವಾಮಿ, ಒಳಗೆ ಹೋದದ್ದೆಲ್ಲ ಹೊಂದಿತು ಎಂದಲ್ಲ" ಎಂದರು.

ತೋಟಾ ಕೂರುವ ಕೋಣೆಯ ಉದ್ದ ಎರಡೂವರೆ ಅಂಗುಲ ಎಂದು ಆ ಅಂಕಿಯ ಅರ್ಥ. ಅದಕ್ಕೆ 65 ಮಿಲಿಮೀಟರಿನ ತೋಟಾ ಬೇಕು. ನಾನು ತಂದದ್ದು 70ರದ್ದು. ಹಾಗಾದರೆ ಅದು ಒಳಗೆ ಹೋದದ್ದು ಹೇಗೆ? ಗುಟ್ಟು ಇಲ್ಲಿದೆ. ಪೆಟ್ಟಿಗೆಯ ಮೇಲೆ ಬರೆಯುವ ಉದ್ದ ಹಾರಿಸಿದ ಮೇಲಿನದು. ಹೊಸ ತೋಟಾದ ಬಾಯಿ ಮಡಚಿರುತ್ತದೆ. ಆಗ ಅದರ ಉದ್ದ 65ಕ್ಕಿಂತಲೂ ಕಡಿಮೆ. ಹಾರಿಸಿದಾಗ ಮಡಿಕೆ ಬಿಚ್ಚಿ ಮುಂದಕ್ಕೆ ಚಾಚುತ್ತದೆ. ಗಿಡ್ಡ ಕೋಣೆಯ ಮುಂದೆ ನಳಿಗೆ ಇಳಿಜಾರಾಗಿ ಕಿರಿದಾಗುವ ಜಾಗವಿದೆ. ಬಿಚ್ಚಿದ ಬಾಯಿ ಅಲ್ಲಿ ಹೋಗಿ ಸಿಕ್ಕಿಕೊಂಡು ದಾರಿ ಇಕ್ಕಟ್ಟಾಗುತ್ತದೆ. ಚರೆ ಆ ಇಕ್ಕಟ್ಟಿನಲ್ಲಿ ನುಗ್ಗುವಾಗ ಹಿಂದೆ ಒತ್ತಡ ಏರುತ್ತದೆ. ಅಲ್ಲದೆ ಉದ್ದ ತೋಟಾದಲ್ಲಿ ತುಂಬಿದ ಮದ್ದೂ ಹೆಚ್ಚು ಒತ್ತಡದ ಕೋವಿಗಾಗಿ ಮಾಡಿದ್ದಿರಬಹುದು.

ಚೆಕ್ಕಿನಲ್ಲಿ ಎಷ್ಟು ಸೊನ್ನೆ ಬೇಕಾದರೂ ಬರೆಯಲು ಜಾಗವಿದೆ. ಖಾತೆ ಅದನ್ನು ತಾಳುತ್ತದೆಯೇ ಎಂಬುದು ಬೇರೆ ಪ್ರಶ್ನೆ. ಕೋವಿಯ ಖಾತೆಪುಸ್ತಕ ಎಂದರೆ ನಳಿಗೆಯ ತಳದ ಆ ಮುದ್ರೆಗಳೇ. ಬರ್ಮಿಂಗ್‌ಹ್ಯಾಮಿನಲ್ಲಿ ಕೋವಿ ಪರೀಕ್ಷಿಸುವ ಮನೆ 1813ರಲ್ಲೇ ಸ್ಥಾಪನೆಯಾಯಿತು. ಅಲ್ಲಿ ಬೇಕೆಂದೇ ಹೆಚ್ಚು ಮದ್ದು ಹಾಕಿ ಹಾರಿಸಿ, ತಾಳಿದ ನಳಿಗೆಗೆ ಮುದ್ರೆ ಒತ್ತುತ್ತಾರೆ. 1925ರ ನಂತರ ಕೋಣೆಯ ಉದ್ದವನ್ನೂ ಒತ್ತತೊಡಗಿದರು. 1954ರ ನಂತರದ ಕೋವಿಗಳಲ್ಲಿ ಚದರ ಅಂಗುಲಕ್ಕೆ ಇಷ್ಟು ಟನ್ ಎಂಬ ಒತ್ತಡದ ಲೆಕ್ಕವೂ ಬಂತು. ಎರಡೂವರೆ ಅಂಗುಲದ ಕೋಣೆಗೆ ಸಾಮಾನ್ಯವಾಗಿ 3 ಟನ್, ಎರಡೂಮುಕ್ಕಾಲಿನದಕ್ಕೆ ಮೂರೂಕಾಲು. ಹೊಗೆಯಿಲ್ಲದ ನೈಟ್ರೋ ಮದ್ದಿನಲ್ಲಿ ಪರೀಕ್ಷೆಯಾದದ್ದಕ್ಕೆ ಬೇರೆ ಮುದ್ರೆ ಇರುತ್ತದೆ. ಅದಿಲ್ಲದ ಹಳೆ ಕೋವಿ ಕರಿಮದ್ದಿನ ಕಾಲದ್ದೆಂದೇ ತಿಳಿಯಬೇಕು.

ಇಂಥ ಕೋವಿಗಳನ್ನು ಪ್ರೀತಿಯಿಂದ ಉಳಿಸಿಕೊಂಡವರು ಇಂಗ್ಲೆಂಡ್, ಅಮೆರಿಕಗಳಲ್ಲಿ ಬಹಳ ಮಂದಿ ಇದ್ದಾರೆ. ಅಲ್ಲಿ ಕಡಿಮೆ ಒತ್ತಡದ ತೋಟಾಗಳನ್ನು ಮನೆಯಲ್ಲೇ ತುಂಬಿಕೊಳ್ಳುವ ಹವ್ಯಾಸವಿದೆ. ಅವರು ಮೊದಲು ನೋಡುವುದು ಕೋಣೆಗೆ ತಕ್ಕ ಗಿಡ್ಡ ಕೋಶ. ಆಮೇಲೆ ಚರೆಯ ತೂಕ ಇಳಿಸುತ್ತಾರೆ, ನಿಧಾನವಾಗಿ ಉರಿಯುವ ಮದ್ದು ಆರಿಸುತ್ತಾರೆ. ನಿಧಾನದ ಮದ್ದು ಚರೆಯನ್ನು ಒಮ್ಮೆಗೇ ಗುದ್ದದೆ ತಳ್ಳುತ್ತಾ ಹೋಗುತ್ತದೆ. ಹೆಗಲಿಗೆ ಬೀಳುವ ಪೆಟ್ಟು ಬೇರೆ, ನಳಿಗೆಯೊಳಗಿನ ಒತ್ತಡ ಬೇರೆ ಎಂಬುದನ್ನು ಅವರು ಮರೆಯುವುದಿಲ್ಲ. ಹಗುರಾಗಿ ಒದೆಯುವ ತೋಟಾದಲ್ಲೂ ಬೇಗ ಉರಿಯುವ ಮದ್ದಿದ್ದರೆ ಒತ್ತಡ ಹೆಚ್ಚಿರಬಹುದು. ಕೋಶ, ಕೇಪು, ಮದ್ದು, ಅಡಕು, ಚರೆ, ಈ ಐದರಲ್ಲಿ ಒಂದು ಬದಲಾದರೂ ಲೆಕ್ಕ ಬದಲಾಗುತ್ತದೆ. ಆದ್ದರಿಂದ ಪ್ರಯೋಗಶಾಲೆಯಲ್ಲಿ ಅಳೆದು ಅಚ್ಚುಹಾಕಿದ ಪಟ್ಟಿಯನ್ನು ಅವರು ಅಕ್ಷರಶಃ ಪಾಲಿಸುತ್ತಾರೆ. ಅಂದಾಜಿನಲ್ಲಿ ಮದ್ದು ಕಡಿಮೆ ಮಾಡಿದರೂ ಅಪಾಯವೇ. ಅಡಕು ನಳಿಗೆಯ ನಡುವೆ ನಿಂತುಬಿಡಬಹುದು, ಮುಂದಿನ ಈಡಿಗೆ ನಳಿಗೆ ಸಿಡಿಯಬಹುದು.

ನಮ್ಮ ದೇಶದಲ್ಲಿ ಲೈಸೆನ್ಸಿಲ್ಲದೆ ಮದ್ದುಗುಂಡು ತಯಾರಿಸುವುದನ್ನು 1959ರ ಶಸ್ತ್ರಾಸ್ತ್ರ ಕಾಯ್ದೆ ನಿಷೇಧಿಸಿದೆ. ಕೋವಿ ಇಟ್ಟುಕೊಳ್ಳುವ ಲೈಸೆನ್ಸು ತೋಟಾ ತುಂಬುವ ಲೈಸೆನ್ಸಲ್ಲ. ಆದ್ದರಿಂದ ನಮ್ಮ ದಾರಿ ಸರಳ. ಲೈಸೆನ್ಸಿರುವ ರಿಪೇರಿಯವರಿಂದ ಕೋಣೆಯ ಉದ್ದ, ನಳಿಗೆಯ ಗೋಡೆಯ ದಪ್ಪ ಅಳೆಯಿಸಬೇಕು. ನೂರು ವರ್ಷದ ಹಿಂದಿನ ಮುದ್ರೆ ಆಮೇಲಿನ ತುಕ್ಕನ್ನು ಕಂಡಿಲ್ಲ. ಅಳತೆ ಸರಿಯಿದ್ದರೆ ಅಂಗಡಿಯಲ್ಲಿ "12 ಬೋರ್" ಎಂದಷ್ಟೇ ಹೇಳದೆ, "65 ಮಿಲಿಮೀಟರು" ಎಂದು ಕೇಳಿ, ಪೆಟ್ಟಿಗೆಯ ಮೇಲೆ ಓದಿ ತರಬೇಕು. ಕರಿಮದ್ದಿನ ಕೋವಿಯಾದರೆ ಅದು ಗೋಡೆಯ ಮೇಲಿರುವುದೇ ಚೆಂದ.

ಮಾವನ ಕಥೆ ಉಳಿಯಿತು. ಅವರ ಹಳೆ ಪೆಟ್ಟಿಗೆಯಲ್ಲಿ ಹಿತ್ತಾಳೆಯ ಕೋಶಗಳ ಜೊತೆ ಒಂದು ಅಳತೆಯ ಚಮಚ ಸಿಕ್ಕಿತು. ಅದರಲ್ಲಿ 3 ಡ್ರಾಮ್, ಎಂದರೆ ಸುಮಾರು 5.3 ಗ್ರಾಮು ಕರಿಮದ್ದು ಹಿಡಿಯುತ್ತದೆ. ಆ ದಿನ ಕರಿಮದ್ದು ಮುಗಿದಿತ್ತಂತೆ. ಯಾರೋ ಕೊಟ್ಟ ನೈಟ್ರೋ ಮದ್ದನ್ನು ಅದೇ ಚಮಚದಲ್ಲಿ ಅಳೆದು ತುಂಬಿದರು ಎಂದು ಅತ್ತೆ ಈಗ ಹೇಳಿದರು. ನೈಟ್ರೋ ಆದರೆ ಅದೇ ಕೆಲಸಕ್ಕೆ ತೂಕದಲ್ಲಿ ಅದರ ಮೂರರಲ್ಲೊಂದು ಪಾಲೂ ಬೇಡ. ಕೋವಿ ಕೈಕೊಡಲಿಲ್ಲ. ಚಮಚ ತುಂಬಿತು, ಲೆಕ್ಕ ತಪ್ಪಿತು.

ಆ 70ರ ತೋಟಾಗಳನ್ನು ನಾನು ಅಂಗಡಿಗೇ ಹಿಂದಿರುಗಿಸಿದೆ. ನಿಮ್ಮ ಕೋವಿಯ ತಳದಲ್ಲಿ ಏನು ಬರೆದಿದೆ ಎಂದು ಒಮ್ಮೆ ನೋಡಿಸಿ.