ಡೇಟಾಬೇಸಿಗೆ ಕೇಳಿದ ಪ್ರಶ್ನೆಗಳೆಷ್ಟು?

ಫಲಿತಾಂಶ ನೋಡಲೆಂದು ಜಾಲತಾಣ ತೆರೆದು, ಪುಟ ಮೂಡುವುದನ್ನೇ ಕಾಯುತ್ತ ಕುಳಿತ ಅನುಭವ ನಿಮಗೂ ಇರಬಹುದು. 'ನೆಟ್ ನಿಧಾನ' ಎಂದೋ 'ಸರ್ವರ್ ಬ್ಯುಸಿ' ಎಂದೋ ಹೇಳಿ ಸುಮ್ಮನಾಗುತ್ತೇವೆ. ಇದು ಜ್ವರ ಬಂದಿದೆ ಎಂದು ಹೇಳಿದಂತಾಯಿತು, ಅಷ್ಟೆ. ಜ್ವರಕ್ಕೆ ಕಾರಣವೇನು ಎಂದು ತಿಳಿಯಬೇಕಾದರೆ ಅಳತೆ ಮಾಡಬೇಕು; ಅದಕ್ಕೂ ಮೊದಲು, ಎಲ್ಲಿ ನಿಂತು ಅಳೆಯಬೇಕು ಎಂಬುದನ್ನು ನಿರ್ಧರಿಸಬೇಕು.

ಕೆಲವು ವರ್ಷಗಳ ಹಿಂದೆ ಬೆಂಗಳೂರಿನ ಕಾಲೇಜೊಂದರಲ್ಲಿ ಆಂತರಿಕ ಅಂಕಗಳಿಗಾಗಿ ಒಂದು ಜಾಲತಾಣ ಸಿದ್ಧವಾಯಿತು. ಬರೆದವನು ಅಲ್ಲಿಯದೇ ವಿದ್ಯಾರ್ಥಿ, ಜಾಣ ಹುಡುಗ. ಪ್ರೋಗ್ರಾಮು, ಡೇಟಾಬೇಸ್ ಎರಡೂ ಒಂದೇ ಗಣಕದಲ್ಲಿದ್ದಾಗ ಪುಟ ಕಣ್ಣು ಮಿಟುಕಿಸುವಷ್ಟರಲ್ಲಿ ಬರುತ್ತಿತ್ತು. ಅನಂತರ ಸುರಕ್ಷತೆಯ ದೃಷ್ಟಿಯಿಂದ ಡೇಟಾಬೇಸನ್ನು ಮಾತ್ರ ಮುಂಬಯಿಯಲ್ಲಿದ್ದ ಬಾಡಿಗೆ ಸರ್ವರಿಗೆ ಸಾಗಿಸಿದರು. ಅಂದಿನಿಂದ 240 ವಿದ್ಯಾರ್ಥಿಗಳ ಅಂಕಪಟ್ಟಿ ತೆರೆಯಲು ಐದು ಸೆಕೆಂಡು ಬೇಕಾಯಿತು. ಅಂಕಗಳನ್ನು ವಿಶ್ವವಿದ್ಯಾನಿಲಯಕ್ಕೆ ಕಳುಹಿಸುವ ಕೊನೆಯ ದಿನ ಇಪ್ಪತ್ತು ಮಂದಿ ಅಧ್ಯಾಪಕರು ಒಟ್ಟಿಗೆ ತೆರೆದಾಗ ಕೋರಿಕೆಗಳು ಸಾಲುಗಟ್ಟಿ ನಿಂತವು. ಹಲವರಿಗೆ ಪುಟ ಬರಲೇ ಇಲ್ಲ. ಇನ್ನೂ ಶಕ್ತಿಯುತವಾದ ಸರ್ವರನ್ನು ಬಾಡಿಗೆಗೆ ಹಿಡಿಯಬೇಕು ಎಂಬ ಸಲಹೆ ಬಂತು. ಹಣ ಕಟ್ಟುವ ಮೊದಲು ಒಮ್ಮೆ ನೋಡಿ ಎಂದು ನನ್ನನ್ನು ಕರೆದರು. ನಾನು ಭೌತವಿಜ್ಞಾನದವನು. ಅಳತೆ ಎಂದರೆ ಆಸಕ್ತಿ, ಹಾಗಾಗಿ ಹೋದೆ.

ಇಂಥ ಜಾಲತಾಣ ಕೆಲಸ ಮಾಡುವ ಬಗೆಯನ್ನು ಮೊದಲು ತಿಳಿಯೋಣ. ಅಂಕಗಳೆಲ್ಲ ಇರುವುದು ಡೇಟಾಬೇಸಿನ ಕೋಷ್ಟಕಗಳಲ್ಲಿ. ಮಾಹಿತಿಯನ್ನು ಹೀಗೆ ಪರಸ್ಪರ ಸಂಬಂಧವಿರುವ ಕೋಷ್ಟಕಗಳಾಗಿ ಕಾಣುವ ವಿಚಾರವನ್ನು ಐಬಿಎಂ ಸಂಸ್ಥೆಯ ಎಡ್ಗರ್ ಕಾಡ್ 1970ರಲ್ಲಿ ಮಂಡಿಸಿದರು. ಕೋಷ್ಟಕಗಳನ್ನು ಪ್ರಶ್ನಿಸುವ ಭಾಷೆಯನ್ನು ಅದೇ ಸಂಸ್ಥೆಯ ಚೇಂಬರ್ಲಿನ್ ಮತ್ತು ಬಾಯ್ಸ್ 1974ರಲ್ಲಿ ಪ್ರಕಟಿಸಿದರು. ಅದೇ ಮುಂದೆ ಎಸ್‌ಕ್ಯೂಎಲ್ ಆಯಿತು. ನೀವು ಪುಟವೊಂದನ್ನು ಕೇಳಿದಾಗ ಪ್ರೋಗ್ರಾಮು ಈ ಭಾಷೆಯಲ್ಲಿ ಡೇಟಾಬೇಸಿಗೆ ಪ್ರಶ್ನೆ ಹಾಕಿ, ಬಂದ ಉತ್ತರವನ್ನು ಪುಟವಾಗಿ ಜೋಡಿಸಿ ಕಳುಹಿಸುತ್ತದೆ.

ಇಂದು ಈ ಪ್ರಶ್ನೆಗಳನ್ನು ಪ್ರೋಗ್ರಾಮು ಬರೆಯುವವರು ಕೈಯಾರೆ ಬರೆಯುವುದು ಕಡಿಮೆ. ಜಾಂಗೋ, ರೂಬಿ ಆನ್ ರೈಲ್ಸ್ ಮುಂತಾದ ಚೌಕಟ್ಟುಗಳು ಅವರ ಪರವಾಗಿ ಪ್ರಶ್ನೆಗಳನ್ನು ರಚಿಸುತ್ತವೆ. ಅನುಕೂಲವೇನೋ ದೊಡ್ಡದು. ಆದರೆ ತನ್ನ ಪ್ರೋಗ್ರಾಮು ಏನು ಕೇಳುತ್ತಿದೆ, ಎಷ್ಟು ಬಾರಿ ಕೇಳುತ್ತಿದೆ ಎಂಬುದು ಬರೆದವನಿಗೇ ಗೊತ್ತಿರುವುದಿಲ್ಲ. ಆದ್ದರಿಂದಲೇ ಪ್ರತಿ ಪ್ರಶ್ನೆಯನ್ನೂ ಅದಕ್ಕೆ ಹಿಡಿದ ಸಮಯವನ್ನೂ ದಾಖಲಿಸುವ 'ಲಾಗ್' ಬೇಕಾಗುತ್ತದೆ. (ಲಾಗ್ ಎಂದರೆ ಮರದ ತುಂಡು. ಹಿಂದಿನ ನಾವಿಕರು ಹಗ್ಗ ಕಟ್ಟಿದ ಮರದ ತುಂಡನ್ನು ಕಡಲಿಗೆಸೆದು, ನಿಗದಿತ ಅವಧಿಯಲ್ಲಿ ಹಗ್ಗದ ಎಷ್ಟು ಗಂಟುಗಳು ಬಿಚ್ಚಿ ಹೋದವೆಂದು ಎಣಿಸಿ ಹಡಗಿನ ವೇಗ ತಿಳಿಯುತ್ತಿದ್ದರು. ಅದನ್ನು ಬರೆದಿಡುವ ಪುಸ್ತಕಕ್ಕೂ ಅದೇ ಹೆಸರು ಬಂತು.)

ಕಾಲೇಜಿನ ಡೇಟಾಬೇಸ್ ಮೈ ಎಸ್‌ಕ್ಯೂಎಲ್. ಅದರಲ್ಲಿ 'ನಿಧಾನ ಪ್ರಶ್ನೆಗಳ ಲಾಗ್' ಎಂಬ ಸೌಲಭ್ಯವಿದೆ. ಹುಡುಗ ಅದನ್ನು ಆಗಲೇ ಚಾಲನೆಗೊಳಿಸಿದ್ದ. ತೆರೆದು ನೋಡಿದರೆ ಒಂದು ಪ್ರಶ್ನೆಯೂ ಇಲ್ಲ! ಕಾರಣ ಸರಳ. ನಾವಾಗಿ ಬದಲಿಸದಿದ್ದರೆ, 10 ಸೆಕೆಂಡಿಗಿಂತ ಹೆಚ್ಚು ಹಿಡಿದ ಪ್ರಶ್ನೆಗಳನ್ನಷ್ಟೇ ಅದು ಬರೆದುಕೊಳ್ಳುತ್ತದೆ. ಮಿತಿಯನ್ನು ಸೊನ್ನೆಗೆ ಇಳಿಸಿದೆವು. ಈಗ ಲಾಗ್ ತುಂಬಿತು. ಆದರೆ ಒಂದೊಂದು ಪ್ರಶ್ನೆಗೂ ಹಿಡಿದ ಕಾಲ ಒಂದು ಮಿಲಿಸೆಕೆಂಡಿಗಿಂತ ಕಡಿಮೆ. 'ಸರ್ವರ್ ಸರಿಯಾಗಿದೆ ಸಾರ್' ಎಂದ ಹುಡುಗ. ಅವನ ಮಾತು ನಿಜವೇ ಆಗಿತ್ತು.

ವಿಕಿರಣ ಎಣಿಕೆಯ ಪ್ರಯೋಗ ಮಾಡಿದವರಿಗೆ ಇದು ಪರಿಚಿತ. ಸಂಸೂಚಕದ ಸಂಕೇತ ಒಂದು ಮಿತಿಯನ್ನು ದಾಟಿದರೆ ಮಾತ್ರ ಎಣಿಸಬೇಕೆಂದು ಉಪಕರಣವನ್ನು ಹೊಂದಿಸಿರುತ್ತೇವೆ. ಸಣ್ಣ ಸಂಕೇತಗಳು ಲಕ್ಷಗಟ್ಟಲೆ ಬಂದರೂ ಎಣಿಕೆ ಸೊನ್ನೆಯೇ.

ಮುಂದಿನ ಹೆಜ್ಜೆಯಾಗಿ ಬೆಂಗಳೂರಿನ ಗಣಕದಲ್ಲಿ, ಅಂದರೆ ಪ್ರೋಗ್ರಾಮಿನ ಕಡೆಯಲ್ಲಿ, ಲಾಗ್ ಇರಿಸಿದೆವು. ಪ್ರಶ್ನೆ ಹೊರಟ ಕ್ಷಣದಿಂದ ಉತ್ತರ ಕೈಸೇರಿದ ಕ್ಷಣದವರೆಗಿನ ಕಾಲವನ್ನು ಅದು ಅಳೆಯುತ್ತದೆ. ಒಂದೇ ಪುಟಕ್ಕೆ 241 ಸಾಲುಗಳು! ಮೊದಲ ಪ್ರಶ್ನೆ: 'ಈ ತರಗತಿಯ ವಿದ್ಯಾರ್ಥಿಗಳ ಪಟ್ಟಿ ಕೊಡು.' ಅನಂತರ 'ಒಂದನೆಯವನ ಅಂಕ ಕೊಡು', 'ಎರಡನೆಯವನ ಅಂಕ ಕೊಡು' ಎಂದು 240 ಪ್ರಶ್ನೆಗಳು. ಪ್ರತಿಯೊಂದಕ್ಕೂ ಸುಮಾರು 20 ಮಿಲಿಸೆಕೆಂಡು. ಗುಣಿಸಿ ನೋಡಿ: 4.8 ಸೆಕೆಂಡು. ಐದು ಸೆಕೆಂಡಿನ ಲೆಕ್ಕ ಸಿಕ್ಕಿತು.

ಮುಂಬಯಿಯ ಲಾಗ್ ಒಂದಕ್ಕಿಂತ ಕಡಿಮೆ ಎನ್ನುತ್ತದೆ, ಬೆಂಗಳೂರಿನ ಲಾಗ್ 20 ಎನ್ನುತ್ತದೆ. ಯಾವುದು ಸರಿ? ಎರಡೂ ಸರಿ. ಸರ್ವರಿನ ಲಾಗ್ ತನ್ನೊಳಗಿನ ಕೆಲಸದ ಕಾಲವನ್ನು ಮಾತ್ರ ಅಳೆಯುತ್ತದೆ, ದಾರಿಯ ಖರ್ಚು ಅದಕ್ಕೆ ಕಾಣದು. ಬೆಂಗಳೂರಿನಿಂದ ಮುಂಬಯಿಗೆ ನೇರ ದೂರ ಸುಮಾರು 840 ಕಿ.ಮೀ. ಗಾಜಿನ ತಂತುವಿನಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಹೋಗಿಬರಲು ಕನಿಷ್ಠ 8.4 ಮಿಲಿಸೆಕೆಂಡು ಬೇಕೇ ಬೇಕು. ಕೇಬಲ್ಲು ನೇರವಾಗಿ ಹೋಗುವುದಿಲ್ಲ, ನಡುವೆ ಉಪಕರಣಗಳೂ ಇವೆ, ಹಾಗಾಗಿ 20 ಆಗಿದೆ. ಎಷ್ಟೇ ಬೆಲೆಯ ಸರ್ವರ್ ತಂದರೂ 241 ಬಾರಿ ಹೋಗಿಬರುವ ಈ ಪುಟ ಎರಡು ಸೆಕೆಂಡಿನೊಳಗೆ ಬರಲಾರದು. ದೊಡ್ಡ ಸರ್ವರಿನ ಸಲಹೆ ಅಲ್ಲಿಗೆ ಮುಗಿಯಿತು.

ಸಾರಿಗೆಂದು ಸಾಸಿವೆಗೊಮ್ಮೆ, ಇಂಗಿಗೊಮ್ಮೆ, ಕರಿಬೇವಿಗೊಮ್ಮೆ ಅಂಗಡಿಗೆ ಓಡುವುದು ಹೇಗೋ ಹಾಗೆ. ಅಂಗಡಿ ಮನೆಯ ಪಕ್ಕದಲ್ಲೇ ಇದ್ದಾಗ ಇದು ಯಾರಿಗೂ ತಿಳಿಯುವುದಿಲ್ಲ. ಪ್ರೋಗ್ರಾಮು ಬರೆಯುವವರು ಇದನ್ನು 'ಎನ್ ಪ್ಲಸ್ ಒನ್' ತೊಂದರೆ ಎನ್ನುತ್ತಾರೆ. ಪರಿಹಾರವೆಂದರೆ ಇಷ್ಟೂ ವಿದ್ಯಾರ್ಥಿಗಳ ಅಂಕಗಳನ್ನು ಒಟ್ಟಿಗೇ ಕೊಡು ಎಂದು ಒಂದೇ ಪ್ರಶ್ನೆಯಲ್ಲಿ ಕೇಳುವುದು. ಜಾಂಗೋದಲ್ಲಿ ಅದಕ್ಕೆ 'ಪ್ರಿಫೆಚ್ ರಿಲೇಟೆಡ್' ಎಂಬ ಆದೇಶವಿದೆ. ಹುಡುಗ ಒಂದು ಸಾಲು ಬದಲಿಸಿದ; 241 ಪ್ರಶ್ನೆಗಳು 2 ಆದವು.

ಹಾಗಾದರೆ ಎಲ್ಲ ಪ್ರಶ್ನೆಗಳನ್ನೂ ಸದಾ ದಾಖಲಿಸುತ್ತಿದ್ದರೆ ಆಯಿತಲ್ಲವೆ? ಆಗದು. ಆಮ್ಮೀಟರನ್ನು ಜೋಡಿಸಿದರೆ ಅದರ ರೋಧವೂ ಮಂಡಲಕ್ಕೆ ಸೇರುವಂತೆ, ಲಾಗ್ ಬರೆಯುವುದೂ ಗಣಕಕ್ಕೆ ಒಂದು ಕೆಲಸವೇ. ಜಾಂಗೋ ತನ್ನ ಪ್ರಶ್ನೆಗಳ ಪಟ್ಟಿಯನ್ನು ಇಟ್ಟುಕೊಳ್ಳುವುದು 'ಡೀಬಗ್' ಸ್ಥಿತಿಯಲ್ಲಿ ಮಾತ್ರ. ಸಾರ್ವಜನಿಕರು ಬಳಸುವ ಜಾಲತಾಣವನ್ನು ಆ ಸ್ಥಿತಿಯಲ್ಲಿ ಇಡಲೇಬಾರದು. ಅದು ನಿಧಾನವಾಗುವುದಷ್ಟೇ ಅಲ್ಲ, ದೋಷ ಬಂದಾಗ ಒಳಗಿನ ವಿವರಗಳನ್ನು ಹೊರಗಿನವರಿಗೆ ತೋರಿಸಿಬಿಡುತ್ತದೆ. ಬಳಕೆಯಲ್ಲಿರುವ ತಾಣಕ್ಕೆ ನೂರರಲ್ಲಿ ಒಂದು ಕೋರಿಕೆಯನ್ನು ಆರಿಸಿ ದಾಖಲಿಸಿದರೂ ಸಾಕು.

ಇನ್ನೊಂದು ಅಪಾಯ ಇದಕ್ಕಿಂತ ಗಂಭೀರವಾದುದು. ಪ್ರಶ್ನೆಯೊಳಗೆ ಬೆಲೆಗಳೂ ಇರುತ್ತವೆ: ವಿದ್ಯಾರ್ಥಿಯ ಹೆಸರು, ಮೊಬೈಲ್ ಸಂಖ್ಯೆ, ಕೆಲವೊಮ್ಮೆ ಪಾಸ್‌ವರ್ಡ್. ಡೇಟಾಬೇಸಿಗೆ ಬೀಗ ಹಾಕಿ, ಅದರ ನಕಲನ್ನು ಲಾಗ್ ಕಡತದಲ್ಲಿ ತೆರೆದಿಟ್ಟರೆ ಏನು ಬಂತು? 2018ರ ಮೇ ತಿಂಗಳಲ್ಲಿ ಟ್ವಿಟರ್ ಸಂಸ್ಥೆ ತನ್ನ 33 ಕೋಟಿ ಬಳಕೆದಾರರಿಗೆ ಪಾಸ್‌ವರ್ಡ್ ಬದಲಿಸುವಂತೆ ಸೂಚಿಸಬೇಕಾಯಿತು. ಗೂಢಲಿಪಿಗೆ ತಿರುಗಿಸುವ ಮೊದಲೇ ಪಾಸ್‌ವರ್ಡ್‌ಗಳು ಆಂತರಿಕ ಲಾಗ್ ಒಂದರಲ್ಲಿ ಇದ್ದ ಹಾಗೆಯೇ ದಾಖಲಾಗಿದ್ದವು. ಅದು ಡೇಟಾಬೇಸ್ ಪ್ರಶ್ನೆಗಳ ಲಾಗ್ ಅಲ್ಲದಿರಬಹುದು, ಆದರೆ ತಪ್ಪಿನ ಜಾತಿ ಒಂದೇ.

ಆದ್ದರಿಂದ ಬೆಲೆಗಳ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆ ಇಟ್ಟು, ಪ್ರಶ್ನೆಯ ರೂಪವನ್ನು ಮಾತ್ರ ದಾಖಲಿಸುವುದು ಒಳ್ಳೆಯದು. ಇದರಿಂದ ಇನ್ನೊಂದು ಲಾಭವೂ ಉಂಟು. ಬೇರೆ ಬೇರೆ ಎಂದು ಕಾಣುತ್ತಿದ್ದ 240 ಸಾಲುಗಳು ಒಂದೇ ರೂಪಕ್ಕೆ ಇಳಿದು, 'ಈ ಪ್ರಶ್ನೆ, 240 ಬಾರಿ' ಎಂದು ಎದ್ದು ಕಾಣುತ್ತವೆ. ಜೊತೆಗೆ ಪ್ರತಿ ಸಾಲಿನಲ್ಲೂ ಅದು ಯಾವ ಕೋರಿಕೆಗೆ ಸೇರಿದ್ದು ಎಂಬ ಸಂಖ್ಯೆ ಇರಬೇಕು. ಇಲ್ಲವಾದರೆ ಇಪ್ಪತ್ತು ಜನರ ಪ್ರಶ್ನೆಗಳು ಹೆಣೆದುಕೊಂಡು, ಯಾರದು ಯಾವುದು ಎಂದು ಬಿಡಿಸಲು ಬರುವುದಿಲ್ಲ.

ನಾವು ಹೊರಡುವ ಮೊದಲು ಹುಡುಗ ಒಂದು ಚಿಕ್ಕ ಏರ್ಪಾಡು ಮಾಡಿದ. ಪುಟವೊಂದು 20ಕ್ಕಿಂತ ಹೆಚ್ಚು ಪ್ರಶ್ನೆ ಕೇಳಿದರೆ ಅದರ ಹೆಸರು, ಪ್ರಶ್ನೆಗಳ ಸಂಖ್ಯೆ, ಒಟ್ಟು ಕಾಲ ಇಷ್ಟೇ ಲಾಗ್‌ಗೆ ಸೇರಬೇಕು, ಯಾರ ಹೆಸರೂ ಅಂಕವೂ ಸೇರಬಾರದು. ಮರುವಾರ ಅವನ ಫೋನ್ ಬಂತು. ಹಾಜರಾತಿಯ ಪುಟ ಸಿಕ್ಕಿಬಿದ್ದಿತ್ತು: 613 ಪ್ರಶ್ನೆಗಳು.